ರೋಗವಿಲ್ಲದ ವರ್ಷ

ಬರ್ರಿ ಮೇಡಂ, ಚಾರ್ಜ್ ತಗೋರಿ.
ಇದು ಔಷಧಿ ಕಪಾಟಿನ ಕೀಲಿ,
ಇದು ಹೆರಿಗಿ ಕೋಣಿದು.
ಲಸಿಕಿ ಫ್ರಿಜ್ಜಿಗೆ ಕೀಲಿ ಇಲ್ಲ,
ಬಾಗಲಾ ಹಾಕಿ ಮೊಣಕಾಲಿಲೆ ಒಮ್ಮೆ ಒತ್ತಬೇಕು.

ಆ ಕುರ್ಚಿ ನಿಮ್ಮದು.
ಇಪ್ಪತ್ತಾರು ತಿಂಗಳು ಅದರಾಗ ಯಾರೂ ಕುಂತಿಲ್ಲ.
ದಿನಾ ಒರಸೀನಿ, ಅಷ್ಟ.
ಸೋಮವಾರ ಸಂತಿಗೆ ಬಂದ ಮುದುಕರು
ಕಿಟಕ್ಯಾಗ ಹಣಿಕಿ ಹಾಕಿ
"ಬಂದಿಲ್ಲೇನ್ ಯವ್ವಾ" ಅಂತ
ಕುರ್ಚಿನ್ನ ಕೇಳಿದಂಗ ಕೇಳಿ
ಹೊಳ್ಳಿ ಹೋಗತಿದ್ರು.

ಈಗ ಈ ರಿಜಿಸ್ಟರ್ ನೋಡ್ರಿ.
ಹಿಂದಿನ ಡಾಕ್ಟ್ರು ಇದ್ದ ಹನ್ನೊಂದು ತಿಂಗಳು
ಹಾಳಿ ಹಿಡಿಸದಷ್ಟು ರೋಗ:
ಬಿಪಿ ಇನ್ನೂರಾ ಹದಿನಾಲ್ಕು ಮಂದಿಗೆ,
ಸಕ್ಕರಿ, ಟಿಬಿ, ಗಣಿಗೆ ಹೋಗಿ ಬಂದವರ ಎದಿಯ ಧೂಳು,
ಮೈಯಾಗ ರಕ್ತ ಇಲ್ಲದ ಹುಡಿಗೇರು,
ಬರದು ಬರದು ಡಾಕ್ಟ್ರ ಪೆನ್ನ ಬೆಳ್ಳಗಾಗಿತ್ತು.
ತಾಲೂಕಿನ ಮೀಟಿಂಗಿನಾಗ ನಮ್ಮೂರಿಗೆ ಕೆಂಪು ಬಣ್ಣ.
"ಏನ್ರಿ ಇದು, ಊರೋ ಆಸ್ಪತ್ರಿಯೋ" ಅಂದಿದ್ರು ಸಾಹೇಬ್ರು.

ಅವರಿಗೆ ಪೀಜಿ ಸೀಟು ಸಿಕ್ತು.
ಪೇಡೆ ಕೊಟ್ಟು ಹೋದ್ರು. ತಪ್ಪಲ್ಲ, ಹರೇದ ಹುಡುಗ.

ಮುಂದಿನ ಹಾಳಿ ತಿರುವ್ರಿ.
ನನ್ನ ಅಕ್ಷರ. ಸೊನ್ನಿ. ಸೊನ್ನಿ. ಸೊನ್ನಿ.
ರೋಗದ ಹೆಸರು ಬರಿಯಾಕ ನನಗ ಹಕ್ಕಿಲ್ಲ ಮೇಡಂ,
ಲಸಿಕಿ, ಹೆರಿಗಿ, ಜ್ವರದ ಗುಳಿಗಿ,
ಅಲ್ಲಿಗೆ ನನ್ನ ಕೈ ಮುಗೀತು.
ಆ ವರ್ಷ ಮೀಟಿಂಗಿನ ಗ್ವಾಡಿ ಮ್ಯಾಲ ನಮ್ಮೂರು ಹಸರು.
"ನಿಮ್ಮ ಕಡೆ ಆರೋಗ್ಯ ಸುಧಾರಿಸೈತ್ರಿ ಈರಮ್ಮ ಸಿಸ್ಟರ್"
ಅಂದು ಒಬ್ಬರು ಚಪ್ಪಾಳಿ ಹೊಡದ್ರು.
ನಾನೂ ಹೊಡದೆ.
ಎಲ್ಲಾರೂ ಹೊಡಿಯುವಾಗ ಕೈ ಸುಮ್ಮನಿರೂದಿಲ್ಲ.

ರೋಗ ಎಲ್ಲಿ ಹೋಗಿದ್ವು?
ಬಸ್‌ಸ್ಟ್ಯಾಂಡಿನ ಹಿಂದ, ಸೂಜಿ ಅಮರಯ್ಯನ ಅಂಗಡಿಗೆ:
ನೂರಕ್ಕ ಬಿಳಿ ಬಾಟ್ಲಿ, ನೂರೈವತ್ತಕ್ಕ ಹಳದಿ,
ಹಳದಿಗೆ ಶಕ್ತಿ ಜಾಸ್ತಿಯಂತ.
ಒಂದಿಷ್ಟು ಮನ್ಯಾಗ, ಕೌದಿ ಒಳಗ.
ಒಂದಿಷ್ಟು ಸೀದಾ ಮಣ್ಣಿಗೆ.
ಕೇಳಿದ್ರ, "ಎದಿ ಹಿಡಕೊಂತು, ಹ್ವಾದ."
ಎದಿ ಯಾಕ ಹಿಡಕೊಂತು ಅನ್ನೂದಕ್ಕ ಒಂದು ಖಾನೆ ಬೇಕು,
ಖಾನೆಗೊಂದು ಸಹಿ ಬೇಕು.

ಹತ್ತಿ ಬಿಡಿಸೂ ದಿನದಾಗ ಚಾಂದಬೀ ಬಂದಿದ್ಲು.
ಎಂಟು ತುಂಬಿತ್ತು. ಬಳಿ ಕೈಯಾಗ ಹೂತಿದ್ವು.
ಪಟ್ಟಿ ಕಟ್ಟಿ ಗಾಳಿ ಹೊಡದೆ,
ಪಾದರಸ ಏರಿತು, ಏರಿತು.
ನನಗ ಗೊತ್ತಿತ್ತು.
ಟಂಟಂ ಹಿಡದು ಲಿಂಗಸುಗೂರಿಗೆ ಒಯ್ದೆ.
ಅರವಳಿಕಿ ಡಾಕ್ಟ್ರು ರಜಾ ಮ್ಯಾಲ, ರಾಯಚೂರಿಗೆ ಒಯ್ರಿ ಅಂದ್ರು.
ಕವಿತಾಳ ದಾಟಿದಾಗ ನೀರು ಕೇಳಿದ್ಲು.
ಸಿರವಾರದಾಗ ಏನೂ ಕೇಳಲಿಲ್ಲ.
ಕೂಸು ಐತಿ, ಅದರಜ್ಜಿ ಹಂತ್ಯಾಕ,
ಈಗ ಗ್ವಾಡಿ ಹಿಡದು ನಿಂದರತೈತಿ.
ಚಾಂದಬೀ ನಮ್ಮ ರಿಜಿಸ್ಟರಿನಾಗಿಲ್ಲ.
ಸತ್ತದ್ದು ರಾಯಚೂರಿನ ಲೆಕ್ಕಕ್ಕ.

ನಿಮ್ಮದು ಬಾಂಡ್, ಒಂದು ವರ್ಷ. ಗೊತ್ತು.
ಕ್ಯಾಲೆಂಡರ್ ನಾನ ತಗದಿಟ್ಟೀನಿ,
ಕಣ್ಣಿಗೆ ಬಿದ್ರ ಇಬ್ಬರೂ ಎಣಸತೀವಿ.

ಒಂದ ಮಾತು:
ನಾಳಿಂದ ಊರಾಗ ರೋಗ ಏರತಾವ.
ತಾಲೂಕಿನಿಂದ ಫೋನ್ ಬರತೈತಿ,
"ನೀವು ಬಂದ ಮ್ಯಾಲ ಯಾಕ್ರಿ ಹಿಂಗ" ಅಂತ.
ಅಂಜಬ್ಯಾಡ್ರಿ.
ದೀಪಾ ಹಚ್ಚಿದ ಮ್ಯಾಲ ಕಸ ಕಾಣತೈತಿ,
ಕಸ ದೀಪದ್ದಲ್ಲ.

ಕುಂದರ್ರಿ. ಎಡಗಡಿ ಕಾಲು ಸಡಲೈತಿ,
ಒಂದೀಟು ಬಲಕ್ಕ ಸರದು.
ಹೊರಗ ಮುದುಕಪ್ಪ ಬಂದು ಕುಂತಾನ,
ನಾ ಕಸಾ ಹೊಡಿಯೂಕಿಂತ ಮೊದಲ ಬಂದಾನ,
ಹದಿನಾಲ್ಕು ತಿಂಗಳ ಕೆಮ್ಮು.
ಹೆಸರು, ವಯಸ್ಸು ನಾ ಬರದೀನಿ.
ಮುಂದಿನ ಖಾನೆ ನಿಮ್ಮದು.